ಹಿಗ್ಗಿದ ಬೆಲ್ಟು

ಬೇಡ ಬೇಡ, ಆ ಬೆಲ್ಟನ್ನು ಒಳಗೇ ಇಡಿ ಪೋಕರ್ ಬ್ಯಾರಿಗಳೆ! ಪುನಃ ಪುನಃ ಅದನ್ನೇ ತೆಗ್ದು ತೋರಿಸ್ತೀರಲ್ಲ... ಸಂಪಾಜೆ ಘಾಟಿಯಲ್ಲಿ ಮರದ ಲಾರಿ ಬಿಡುವ ದೇರಣ್ಣನಿಗೆ ಚರ್ಮ ಯಾವುದು, ರೆಕ್ಸಿನ್ ಯಾವುದು ಗೊತ್ತಾಗುದಿಲ್ಲ ಅಂತ ಮಾಡಿದ್ರಾ?

ಕೊಡಿ ಇಲ್ಲಿ, ಮೂಸಿ ನೋಡ್ತೇನೆ... ಹ್ಞೂಂ. ಬರೇ ಬಣ್ಣದ ವಾಸನೆ. ಚರ್ಮ ಅಂದ್ರೆ ಚರ್ಮದ ವಾಸನೆ ಬರ್ಬೇಕು ಮಾರಾಯ್ರೆ! ಇಕ್ಕೊಳ್ಳಿ, ಮಡಚಿದ ಕೂಡ್ಲೆ ಬಿರುಕು ಬಿಟ್ಟಿತು. ಅಂಚು ನೋಡಿ, ಅಂಚು! ಮೇಲೊಂದು ಪದರ, ಕೆಳಗೊಂದು ಪದರ, ನಡುವಿನಲ್ಲಿ ರಟ್ಟು. ನಮ್ಮೂರ ಒಂದು ಮಳೆ ಸಾಕು ಇದು ಅಂಬಲಿ ಆಗ್ಲಿಕ್ಕೆ. ಎಂತ, ಯಾಕೆ ನಗುದು? ನಗಿ ನಗಿ. ಪುತ್ತೂರು ಪೇಟೆಯವರೆಲ್ಲ ನಗುವವರೇ ಈಗ.

ನನಗೆ ಒಂದೇ ಪದರದ್ದು ಬೇಕು. ಎಮ್ಮೆ ಚರ್ಮದ್ದು. ಕೊಯ್ದ ಕಡೆ ನೋಡಿದ್ರೆ ಒಳಗೂ ಹೊರಗೂ ಒಂದೇ ಬಣ್ಣ ಇರ್ಬೇಕು. ಬಕ್ಕಲು ಹಿತ್ತಾಳೆದ್ದು, ತಗಡಿಗೆ ಬಣ್ಣ ಕೊಟ್ಟದ್ದಲ್ಲ. ಮತ್ತೆ... ಹಿಗ್ಗಬಾರದು. ಅದೇ ಮುಖ್ಯ. ಹಿಗ್ಗಲೇಬಾರದು.

ಯಾಕೆ ಅಂತ ಕೇಳ್ತೀರಾ? ಇದನ್ನು ನೋಡಿ! ನನ್ನ ಈ ಹಳೇ ಬೆಲ್ಟು ನೀವೇ ಕೊಟ್ಟದ್ದು, ಹೋದ ದೀಪಾವಳಿಗೆ. "ದೇರಣ್ಣ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ" ಅಂದವರು ನೀವೇ ಅಲ್ವಾ? ಈಗ ನೋಡಿ. ಕೊನೇ ಒಟ್ಟೆಗೆ ಹಾಕಿದ್ರೂ ಪ್ಯಾಂಟು ನಿಲ್ಲುದಿಲ್ಲ. ಮೊಳೆ ಕಾಯಿಸಿ ನಾನೇ ಬೇರೆ ಒಟ್ಟೆ ಮಾಡಿದೆ. ಅದೂ ಸಾಲುದಿಲ್ಲ. ಕಳ್ಳ ಚರ್ಮ ಕೊಟ್ಟಿದ್ದೀರಿ ನೀವು, ಹಿಗ್ಗಿ ಹಿಗ್ಗಿ...

ಬೆಲ್ಟು ನೋಡಿ ಅಂದ್ರೆ ನನ್ನ ಹೊಟ್ಟೆ ಯಾಕೆ ನೋಡುದು?

ನಿಲ್ಲಿ... ಒಂದು ನಿಮಿಷ... ಅಬ್ಬ. ಎಂತದೂ ಇಲ್ಲ, ನಿಮ್ಮ ಅಂಗಡಿಯ ಧೂಳು. ನೀರು ಬೇಡ. ಆ ಲೋಟ ಬೇಡ ಹೇಳಿದೆ ಅಲ್ವಾ! ನಾನು ಇಲ್ಲೇ ಹೊರಗೆ ನಿಲ್ತೇನೆ, ಗಾಳಿ ಉಂಟು. ಟವೆಲು ಎಂತ ನೋಡ್ತೀರಿ? ಅದು ಎಲೆಯಡಿಕೆ ಕೆಂಪು. ಯಾಕೆ, ನಾನು ಎಲೆಯಡಿಕೆ ತಿನ್ನಬಾರದಾ?

ಇರ್ಲಿ. ಒಂದು ಕೇಳ್ತೇನೆ, ಸತ್ಯ ಹೇಳ್ಬೇಕು. ಪೆರಾಬೆಯ ಚನಿಯಪ್ಪ ಗೌಡ್ರು ಇಲ್ಲಿಗೆ ಬಂದಿದ್ರಾ? ಅವರ ಮಗನಿಗೇ ನಮ್ಮ ಮಗಳು ಪ್ರೇಮಾವತಿಯನ್ನು ಮಾತಾಡಿದ್ದು. ಗುರುವಾರ ವೀಳ್ಯಶಾಸ್ತ್ರ. ಹೆಣ್ಣು ನೋಡ್ಲಿಕ್ಕೆ ಬಂದವರು ಹುಡುಗಿಯನ್ನು ನೋಡಿದ್ದು ಅಷ್ಟರಲ್ಲೇ. ಕಣ್ಣೆಲ್ಲ ನನ್ನ ಮೇಲೆ. ಕುತ್ತಿಗೆ ನೋಡಿದ್ರು, ಕೈ ಗಂಟು ನೋಡಿದ್ರು. "ಎಂತ ದೇರಣ್ಣ, ಬಡವಾಗಿದ್ದೀರಿ" ಅಂದ್ರು. ಮತ್ತೆ ಕಬಕದ ಚಾ ಹೋಟ್ಲಿನಲ್ಲಿ ಯಾರನ್ನೋ ಕೇಳಿದ್ರಂತೆ, ಹುಡುಗಿಯ ಅಪ್ಪ ಹೇಗೆ ಅಂತ. ಅಪ್ಪನನ್ನು ಕಟ್ಟಿಕೊಳ್ಳುದಾ ಅವರ ಮಗ?

ಬಂದಿದ್ರು. ಅಲ್ವಾ? ತಲೆ ಆಡಿಸಿದ್ರಿ, ನಾನು ನೋಡಿದೆ! ನೀವು ಎಂತ ಹೇಳಿದ್ರಿ? ... ಒಂದು ಶಬ್ದವೂ ಹೇಳ್ಲಿಲ್ಲ? ನಂಬುದು ಹೇಗೆ ನಾನು? ಈಗಲೂ ಹೀಗೇ ಬಾಯಿ ಮುಚ್ಚಿ ಕೂತಿದ್ದೀರಿ.

ಅದಕ್ಕೇ ಬೆಲ್ಟು ಬೇಕಾದ್ದು ಮಾರಾಯ್ರೆ. ಅಗಲದ್ದು, ದಪ್ಪದ್ದು. ಒಳಗೆ ಎರಡು ಬನಿಯನು, ಅದರ ಮೇಲೆ ಅಂಗಿ, ಮೇಲೊಂದು ಕೋಟು. ಪಂಚೆಯ ಮೇಲೆ ಬಿಗಿಯಾಗಿ ಬೆಲ್ಟು ಕಟ್ಟಿದ್ರೆ ನಾನು ಮೊದಲಿನ ದೇರಣ್ಣನೇ. ಯಾರು ಬೇಕಾದ್ರೂ ನೋಡ್ಲಿ.

ಅದೆಂತ ತಂದದ್ದು? ಇದರದ್ದೇ ಜೊತೆಯದ್ದಾ, ಮಾರದೆ ಉಳಿದದ್ದು? ಎರಡನ್ನೂ ಮೇಜಿನ ಮೇಲೆ ಯಾಕೆ ಹಾಸುದು? ... ಓ, ಹಾಗಾ. ಆಗ್ಲಿ, ಆಗ್ಲಿ! ಅಳ್ತೆ ಹಿಡೀರಿ. ನಿಮ್ಮ ಮಾಲಿನ ಬಣ್ಣ ಬಯಲಾಗ್ಲಿ. ಬಕ್ಕಲಿಗೆ ಬಕ್ಕಲು ಸರಿ ಇಡಿ. ಎಳೀಬೇಡಿ! ಹೊಸತನ್ನು ಎಳೆದು ಉದ್ದ ಮಾಡ್ತೀರಿ ನೀವು. ಬಿಡಿ, ನಾನೇ ಇಡ್ತೇನೆ... ಇಲ್ಲಿ ಬಕ್ಕಲು... ಇಲ್ಲಿ ತುದಿ...

ಇನ್ನೊಮ್ಮೆ.

...ಸಮ ಉಂಟು. ಒಂದು ನೂಲಿನಷ್ಟೂ ಹಿಗ್ಗಲಿಲ್ಲ.

ಎಂತಾದ್ರೂ ಮಾತಾಡಿ ಬ್ಯಾರಿಗಳೆ. "ನಿನ್ನ ಮಾತು ಸುಳ್ಳು" ಅಂತ ಬೈಯಿರಿ. ಹಾಗೆ ನೋಡ್ತಾ ಕೂತ್ರೆ ಹೇಗೆ? ನೋಡ್ಬೇಡಿ! ನನಗೆ ಕ್ಷಯವೂ ಇಲ್ಲ, ಎಂತ ಸಾವೂ ಇಲ್ಲ! ಯಾರು ಹೇಳಿದ್ದು ನಿಮಗೆ ಕ್ಷಯ ಅಂತ?

...ನೀವು ಹೇಳ್ಲಿಲ್ವಾ?

ಮತ್ತೆ ಆ ಶಬ್ದ... ಅದು ನನ್ನ ಬಾಯಿಂದಲೇ ಬಂತಾ?

ಪ್ರೇಮಾವತಿಗೆ ಗೊತ್ತಿಲ್ಲ. ಮನೆಯವಳಿಗೂ ಗೊತ್ತಿಲ್ಲ. ಲಾರಿಯಲ್ಲೇ ಮಲಗ್ತೇನೆ. ಸೆಕೆ ಅಂತ ಹೇಳುದು. ಊಟ ಬಾಳೆಲೆಯಲ್ಲಿ, ಜಗಲಿಯ ಹೊರಗೆ. "ಅಪ್ಪನಿಗೆ ನನ್ನ ಮೇಲೆ ಎಂತದೋ ಕೋಪ" ಅಂತ ಅವಳು ಕಣ್ಣೀರು ಹಾಕ್ತಾಳಂತೆ. ಹಾಕ್ಲಿ. ನಾನು ಕೆಮ್ಮಿದ ಗಾಳಿ ಅವಳಿಗೆ ತಾಗುದು ಬೇಡ. ಗುರುವಾರ ಒಂದು ಕಳೀಲಿ. ಅವಳು ಆ ಮನೆ ಸೇರ್ಲಿ. ಮತ್ತೆ ನಾನು ಘಾಟಿಯ ಯಾವ ತಿರುವಿನಲ್ಲಿ ಬಿದ್ರೂ...

ಯಾಕೆ ಎದ್ದದ್ದು? ಅಂಗಡಿಗೆ ಹಲಗೆ ಯಾಕೆ ಹಾಕುದು ಈಗ್ಲೇ? ಇನ್ನೂ ಬಿಸಿಲು ಉಂಟು, ವ್ಯಾಪಾರದ ಹೊತ್ತು! ಹೋಯ್, ನನಗೆ ಹೋಗ್ಲಿಕ್ಕೆ ಉಂಟು, ಲಾರಿ ಬಸ್‌ಸ್ಟ್ಯಾಂಡಿನ ಹತ್ರ ನಿಲ್ಲಿಸಿ ಬಂದದ್ದು. ಆ ದಾರಿ ಅಲ್ಲ ಮಾರಾಯ್ರೆ! ಅದು ಡಾಕ್ಟ್ರ ಮನೆಗೆ ಹೋಗುದು. ಈ ರೋಗಕ್ಕೆ ಎಂತ ಹೊಸ ಸೂಜಿ ಬಂದಿದೆಯೋ ಎಂತದೋ, ನನಗೆ ಬೇಡ. ಜನ ನೋಡ್ತಾರೆ. ಪೆರಾಬೆಯವರೆಗೆ ಸುದ್ದಿ ಹೋಗ್ತದೆ...

ಬಿಡಿ! ಕೈ ಬಿಡಿ ಪೋಕರ್ ಬ್ಯಾರಿಗಳೆ, ನಿಮ್ಮಲ್ಲಿ ಸಣ್ಣ ಮಕ್ಕಳುಂಟು... ಇದು ಅಂಟ್ತದೆ!

...ಗೊತ್ತಿದ್ದೂ ಹಿಡಿದದ್ದಾ?

ಸ್ವಲ್ಪ ಮೆಲ್ಲ ನಡೀರಿ ಹಾಗಾದ್ರೆ. ಏರು ಉಂಟು. ನನಗೆ ಉಸಿರು ಸಾಲುದಿಲ್ಲ.