ಅರ್ಧ ಫೂಟು

ಅಲ್ಲಲ್ಲೋ ಖಾಜಾಸಾಬ! ಟೇಪು ಅಲ್ಲಿ ಅಲ್ಲ, ಇಲ್ಲಿ ಹಿಡಿ. ಒಂದು ತುದಿ ಪಿಕಪ್ಪಿನ ಕ್ಯಾಬಿನ್ನಿಗೆ, ಇನ್ನೊಂದು ತುದಿ ನೀ ವೆಲ್ಡಿಂಗ್ ಮಾಡಿ ಕಟ್ಟಿಕೊಟ್ಟ ನಮ್ಮ ಗಾಲಿಮನಿಯ ಮುಂದಿನ ಗೋಡಿಗೆ. ಹಾಂ... ಈಗ ಓದು. ಎಷ್ಟೈತಿ? ಬಾಯಿಲೆ ಹೇಳೋ, ಟೇಪು ನನ್ನ ಮಾರಿಗೆ ಹಿಡದ್ರ ಹ್ಯಾಂಗ? ಕಣ್ಣಿಗೆ ಚಾಳೀಸು ಹಾಕ್ಕೋತೇನಿ, ತಡಿ... ಹದಿಮೂರು. ಹದಿಮೂರು ಇಂಚು!

ಕೇಳಿದ್ರಿಲ್ಲ? ಹದಿಮೂರಂತ!

ನಿನಗಲ್ಲೋ, ನಮ್ಮನಿಯವರಿಗೆ ಹೇಳಿದ್ನಿ. ಕಟ್ಟಿ ಮ್ಯಾಲ ಪೇಪರ್ ಹಿಡಕೊಂಡು ಕುಂತಾರ ನೋಡು. ಒಂದು ತಾಸಾತು, ಒಂದು ಹಾಳಿ ತಿರುವಿಲ್ಲ. ಕಣ್ಣು ಪೇಪರಿನ್ಯಾಗ, ಕಿವಿ ಇಲ್ಲಿ.

ಈಗ ನನ್ನ ವಹಿ ನೋಡು. ಫೆಬ್ರುವರಿ ಎಂಟನೇ ತಾರೀಖು, ಎರಡು ಸಾವಿರದ ನಾಕನೇ ಇಸ್ವಿ. "ಗಾಲಿಮನಿ. ಉದ್ದ ಹದಿನಾಕು ಫೂಟು, ಅಗಲ ಆರು ಫೂಟು. ಕ್ಯಾಬಿನ್ನಿಗೂ ಮುಂದಿನ ಗೋಡಿಗೂ ನಡುವಿನ ಸಂದು ಹತ್ತೊಂಬತ್ತು ಇಂಚು." ಹತ್ತೊಂಬತ್ತು ಎಲ್ಲಿ, ಹದಿಮೂರು ಎಲ್ಲಿ! ಆರು ಇಂಚು ಎಲ್ಲಿ ಹೋತು? ಇಲಿ ತಿಂತೇನು? ... ಯಾಕ ನಗಾಕತ್ತಿ? ನಗೂ ಮಾತಲ್ಲ ಇದು. ವಹಿ ಅಂದ್ರ ಏನಂತ ತಿಳಿದಿ? ಬಿಜಾಪುರದಾಗ ಬಿ.ಎಸ್ಸಿ. ಮುಗಿಸಿ ಇಂಡಿಗೆ ಸೊಸಿಯಾಗಿ ಬಂದ ದಿನದಿಂದ ಬರಿಯಾಕತ್ತೇನಿ. ಮೂವತ್ತೆಂಟು ವರ್ಷ! ಯಾವ ಆಕಳ ಯಾವಾಗ ಈಯ್ತು, ಯಾವ ನಿಂಬಿ ಗಿಡ ಯಾವಾಗ ಹಚ್ಚಿದ್ವಿ, ಎಲ್ಲಾ ಐತಿ. ಸಾಲ್ಯಾಗ ನಾ ಕಲಿಸೂ ಮುಂದ, ಎಂಟನೇತ್ತಾದಾಗ ನೀ ಗಣಿತದಾಗ ಎಷ್ಟು ತಗೊಂಡಿದ್ದಿ, ಅದೂ ಐತಿ. ತೋರಿಸ್ಲಿ? ನೂರಕ್ಕ ಮೂವತ್ತೊಂದು.

ಹಾಂ, ಈಗ ನಗು ನಿಂತು.

ನೋಡು, ಸೋಮವಾರ ಏನಾತು ಅಂತ ನಾನೇ ಹೇಳ್ತೇನಿ. ನೀ ಮಂದಿ ಬಾಯಿಲೆ ಕೇಳಿರಬೇಕು, ಮಂದಿ ಒಂದಕ್ಕ ನಾಕು ಹಚ್ಚತಾರ. ಯುಗಾದಿಗೆ ಶ್ರೀಶೈಲಕ್ಕ ನಡಕೊಂಡು ಹೋಗೂದು ನಮಗ ಹೊಸಾದಲ್ಲ. ಈ ಸಲ ಮಾತ್ರ ರುಕ್ಮವ್ವ, ನಮ್ಮನಿಯವರ ಅಕ್ಕ, ನಾನೂ ಬರ್ತೇನಿ ಅಂದ್ಳು. ಆಕಿ ಮೊಣಕಾಲು ನಿನಗ ಗೊತ್ತೈತಿ. ಆಕಿ ಹಿಂದ ಅಂಥಾ ಮೊಣಕಾಲಿನವರು ಮತ್ತ ಹತ್ತು ಮಂದಿ. ಅದಕ್ಕ ಈ ಗಾಲಿಮನಿ. ನಡಿಯೂವಷ್ಟು ನಡಿಯೂದು, ದಣಿದಾಕಿ ಒಳಗ ಮಲಗೂದು, ಒಳಗಽ ಒಲಿ. ಬಾಗೇವಾಡಿ, ಮುದ್ದೇಬಿಹಾಳ ದಾಟಿ ದಾರಿ ಉದ್ದ ಐತಿ, ಒಮ್ಮೆ ಓಡಿಸಿ ನೋಡೂಣು ಅಂತ ನಮ್ಮ ಡ್ರೈವರ ಗುರುನಾಥಗ ಹೇಳಿದ್ನಿ. ಅಂವ ಪಿಕಪ್ಪು ಜ್ವಾಕಿಲೆ ಹೊಡೀತಾನ, ಅಂವಂದೇನೂ ತಪ್ಪಿಲ್ಲ. ಗಾಲಿಮನಿಯ ಬಾಗಿದ ಕುತ್ತಿಗಿ ತಂದು ಪಿಕಪ್ಪಿನ ಹಿಂದ ಸಾಮಾನು ಹೇರೂ ಜಾಗಾದ ನಡುವ ಕೂಡಿಸಿದ ಕಬ್ಬಿಣದ ಗುಂಡಿನ ಮ್ಯಾಲ ಇಳಿಸಿದ, ಕೊಂಡಿ ಹಾಕಿದ, ನಾ ಬಾಜೂಕ ಕುಂತ್ನಿ. ಝಳಕಿ ತನಕ ಏನು ನಡಿಗಿ ಅಂತಿ! ಮದಲಗಿತ್ತಿ ನಡದಂಗ. ಅಲ್ಲಿ ಹೊಳ್ಳಿ ಬರಾಕ ಸ್ಟೇರಿಂಗ್ ಪೂರಾ ತಿರುವಿದ, ಅಷ್ಟ. ಗಾಲಿಮನಿಯ ಮೂಲಿ ಬಂದು ನಮ್ಮ ಬೆನ್ನ ಹಿಂದಿನ ಗ್ಲಾಸಿಗೆ... ಧಡ್! ನನ್ನ ತುರುಬಿನ ತುಂಬ ಗ್ಲಾಸಿನ ಪುಡಿ. ಚಾ ಅಂಗಡಿ ಮುಂದ ಕುಂತವರು ಎದ್ದು ನಿಂತು, "ಮನಿ ಬಂದು ಗಾಡಿಗೆ ಹಾಯ್ತಲೇ!" ಅಂದ್ರು. ಗುರುನಾಥನೂ ನಕ್ಕ. ಖರೇ ಹೇಳ್ಲಿ? ನನಗೂ ನಗು ಬಂತು. ಆದ್ರ ನಗಲಿಲ್ಲ.

ಆತು, ಯಾರಿಗೂ ಏನೂ ಆಗಲಿಲ್ಲ. ಗ್ಲಾಸು ಹೊಸಾದು ಬರ್ತೈತಿ. ಈಗ ಮಾತು ನಿಂದು ಐತಿ. ಹತ್ತಕ್ಕ ಸಿದ್ದಾರೂಢ ಬರ್ತಾನ, ಝಳಕಿ ದ್ರಾಕ್ಷಿ ತೋಟದಾಂವ. ದ್ರಾಕ್ಷಿ ಕೊಯ್ಯಾಕ ಬರೂ ಆಳಿಗೆ ಇರಾಕ ಇಂಥವು ಎರಡು ಗಾಲಿಮನಿ ಬೇಕಂತ. ಕೆಲಸ ನಿನಗ ಕೊಡಬೇಕೋ ಬ್ಯಾರೆ ಊರಿನವರಿಗೆ ಕೊಡಬೇಕೋ, "ನೀವು ಹೇಳಿದಂಗ ಅಕ್ಕಾರ" ಅಂದಾನ. ಗ್ಲಾಸಿನ ಸುದ್ದಿ ಅವನ ಕಿವಿಗೂ ಮುಟ್ಟೈತಿ. ಬಂದ ಕೂಡಲೇ ಕೇಳ್ತಾನ, ಖಾಜಾಸಾಬನ ಅಳತಿ ತಪ್ಪೇನ್ರಿ ಅಂತ. ನಾ ಏನು ಹೇಳಲಿ? ಆರು ತಿಂಗಳಿಂದ ನಿನ್ನ ಅಂಗಡ್ಯಾಗ ಕಿಡಕಿ ಬಾಗಿಲ, ಈ ಗಾಲಿಮನಿ ಬಿಟ್ರ ಬ್ಯಾರೆ ಕೆಲಸಿಲ್ಲ. ಸುಳ್ಳೇನು? ... ತಲಿ ಯಾಕ ಕೆಳಗ ಹಾಕಿದಿ?

ಅದಕ್ಕ ಎಲ್ಲಾರಿಗೂ ಕೇಳೂವಂಗ ಕೇಳ್ತೇನಿ. ಆರು ಇಂಚು ಮುಂದ ಹಾಕಂತ ನಿನಗ ಯಾರು ಹೇಳಿದ್ರು? ... ಯಾರು? ... ಮಾತಾಡೋ! ಗೋಡಿ ಅಳಿಯಾಕ ಕರಸೀನಿ ನಿನ್ನ, ನನ್ನ ಮಾರಿ ಯಾಕ ನೋಡ್ತಿ? ಗೋಡಿ ನೋಡು!

ರೀ... ಚಾ ಎಲ್ಲಿಗೆ ಬಂತು ನೋಡ್ರಿ ಒಂಚೂರು. ಸೊಸಿ ಹಿತ್ತಲದಾಗ ಇದ್ದಾಳ, ಹೌದ್ರಿ, ನೀವೇ ಹೋಗಬೇಕು. ಖಾಜಾಸಾಬನದಕ್ಕ ಸಕ್ಕರಿ ಕಡಿಮಿ. ಅಂವಗ ಸಕ್ಕರಿ ಬ್ಯಾನಿ ಇಲ್ಲೇನು? ಇರಲಿ, ಕಡಿಮೀನ ಹಾಕಸ್ರಿ.

ಹ್ವಾದ್ರು.

ಈಗ ಕೇಳು. ಸಣ್ಣಗ. ಸಿದ್ದಾರೂಢ ಬಂದ ಮ್ಯಾಲ ನೀ ಒಂದೇ ಮಾತು ಹೇಳು. "ನನ್ನ ಟೇಪಿನ ತುದಿ ಹರದಿತ್ರಿ, ಆರು ಇಂಚು ಹೆಚ್ಚು ಕಡಿಮಿ ಆತು" ಅನ್ನು, ಸಾಕು. ಆಮ್ಯಾಲ ನಾ ನಡುವ ಬಂದು, ಅಂವ ಛಲೋ ಕೆಲಸಗಾರ ಐದಾನ, ಟೇಪು ಹೊಸಾದು ತಗೊಂಡಾನ ಅಂತೇನಿ. ಮುಗದು ಹೋತು! ... ಏನು? ಟೇಪು ಯಾಕ ಪೂರಾ ಎಳದು ತೋರಸ್ತಿ? ಗೊತ್ತೈತಿ, ಹರದಿಲ್ಲ. ತುದಿಯ ತಗಡೂ ಗಟ್ಟಿ ಐತಿ. ಹರದಿತ್ತು ಅನ್ನಾಕ ಹರಿದಿರಬೇಕೇನು? ಒಂದು ಮಾತಿನ ಕೆಲಸ... ಕಿಸೇದಾಗ ಯಾಕ ಹಾಕಿದಿ? ಸಿಟ್ಟು ಬಂತು? ಬರಲಿ, ಬೈಯಿ. ಬೈಯೋ ಖಾಜಾಸಾಬ. ಹಿಂಗ ಸುಮ್ಮ ಕುಂದ್ರಬ್ಯಾಡ.

...ಟೇಪು ಹರಕ ಇರೂ ವೆಲ್ಡರಗ ಎರಡು ಗಾಲಿಮನಿ ಯಾರು ಕೊಡ್ತಾರ. ಹೌದು. ನಾನಾದ್ರೂ ಕೊಡ್ತಿದ್ದಿಲ್ಲ.

ಆತು. ಆತಪ್ಪ. ನಾನೇ ಹೇಳೀನಿ. ಅವತ್ತೊಂದು ಮಧ್ಯಾಹ್ನ ನಿನ್ನ ಅಂಗಡಿಗೆ ಬಂದು, ವೆಲ್ಡಿಂಗ್ ನಿಲ್ಲಿಸಿ, "ಅರ್ಧ ಫೂಟು ಮುಂದ ಹಾಕು, ಯಾರಿಗೂ ಹೇಳಬ್ಯಾಡ" ಅಂದಾಕಿ ನಾನೇ. ಯಾಕಂತ ನೀ ಕೇಳಲಿಲ್ಲ. ಕೇಳಬೇಕಿತ್ತು ನೀ!

ಆಯ ಬರಲಿಲ್ಲೋ... ಆಯ. ಮನಿ ಕಟ್ಟೂ ಮುಂದ ಹಿರ್ಯಾರು ನೋಡ್ತಾರಲ್ಲ, ಉದ್ದಕ್ಕ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಒಳ್ಳೇದೋ ಕೆಟ್ಟದ್ದೋ ಅಂತ. ಒಂದು ದಿನ ಸುಮ್ಮ ಚ್ಯಾಷ್ಟಿಗೆ ವಹಿಯ ಮೂಲ್ಯಾಗ ಪೆನ್ಸಿಲಿಲೆ ಹಾಕಿ ನೋಡಿದ್ನಿ. ಹದಿನಾಕಾರಲೆ ಎಂಬತ್ನಾಕು. ಎಂಟರಿಂದ ಭಾಗಿಸಿದ್ರ ಉಳಿದದ್ದು ನಾಕು. ನಾಕು ಅಂದ್ರ ನಾಯಿ ಆಯ, ಆ ಮನ್ಯಾಗ ಮಲಗಿದವರಿಗೆ ನೆಮ್ಮದಿ ಇಲ್ಲಂತ. ಉದ್ದಕ್ಕ ಅರ್ಧ ಫೂಟು ಕೂಡಿಸಿದ್ನಿ. ಎಂಬತ್ತೇಳು. ಉಳಿದದ್ದು ಏಳು. ಆನಿ ಆಯ! ಲಗೂನ ರಬ್ಬರಿಲೆ ಅಳಿಸಿ ಹಾಕಿದ್ನಿ. ವಹ್ಯಾಗ ಅಳಿಸಿತು, ತಲ್ಯಾಗ ಅಳಿಸಲಿಲ್ಲ.

ನಗು, ನಗು. ಆದ್ರ ಪೂರಾ ಕೇಳಿ ನಗು. ಎಪ್ಪತ್ನಾಕರಾಗ ಈ ಮನಿ ಕಟ್ಟೂ ಮುಂದ ಆಯ ನೋಡೂಣು ಅಂತ ನಮ್ಮನಿಯವರು ಎಷ್ಟು ಕೇಳಿದ್ರು! ನಾ ಏನಂದ್ನಿ? "ಗಣಿತ ಓದಿದಾಕಿ ನಾ. ನಾಯಿ ಆನಿ ಎಣಿಸಿ ಮನಿ ಕಟ್ಟೂದಿಲ್ಲ" ಅಂದ್ನಿ. ಮೂವತ್ತು ವರ್ಷದಿಂದ ಬಂದ ಬೀಗರಿಗೆಲ್ಲ ಈ ಮಾತು ಹೇಳೀನಿ, ನಮ್ಮನಿಯವರನ್ನ ಎದುರಿಗೆ ಕುಂದ್ರಿಸಿಕೊಂಡು. ಅವರು ಒಂದು ಸಲಾನೂ ತಿರುಗಿ ಮಾತಾಡಿಲ್ಲ. ಈಗ ಹೋಗಿ ಹ್ಯಾಂಗ ಹೇಳಲಿ, ಒಂದು ಗಾಲಿಮನಿಗೆ ನಾನೇ ಕದ್ದು ಆಯ ನೋಡೀನಿ ಅಂತ? ನನ್ನ ಒಬ್ಬಾಕಿದಾಗಿದ್ರ ನಾಯಿ ಆಯ ಬರಲಿ ಕತ್ತೀ ಆಯ ಬರಲಿ, ಗೊರಕಿ ಹೊಡದು ಮಲಗ್ತಿದ್ನಿ. ಹನ್ನೊಂದು ಹೆಣ್ಣುಮಕ್ಕಳೋ. ನನ್ನ ನಂಬಿ ಬರೂವರು. ದಾರ್ಯಾಗ ಒಬ್ಬಾಕಿಗೆ ಒಂಚೂರು ಏನರೆ ಆದ್ರೂ, ಆ ನಾಕು ನನ್ನ ಕಣ್ಣ ಮುಂದ ಬಂದು ನಿಂದ್ರತಿತ್ತು.

ಮತ್ತ ನೀ ಅವತ್ತು ಸುಮ್ಮ ಇದ್ದಿದ್ದಿಲ್ಲ, ಅದನ್ನೂ ಹೇಳೇ ಬಿಡ್ತೇನಿ. ಖಡು ತಗೊಂಡು ನೆಲದ ಮ್ಯಾಲ ಗೀಚಿದಿ. ಗುಂಡು ಇಲ್ಲಿ, ಗೋಡಿ ಇಲ್ಲಿ, ಮೂಲಿ ಇಲ್ಲಿ. "ನೆಟ್ಟಗ ಹೋಗೂ ಮುಂದ ಗೋಡಿ ಅಳೀಬೇಕ್ರಿ ಅಕ್ಕಾರ, ಹೊರಳೂ ಮುಂದ ಮೂಲಿ ಅಳೀಬೇಕು" ಅಂದಿ. ಗುಂಡಿನಿಂದ ಕ್ಯಾಬಿನ್ನು ನಲವತ್ತೊಂಬತ್ತು ಇಂಚು. ಹದಿನಾಕು ಫೂಟಿಗೆ ಮೂಲಿ ನಲವತ್ತೇಳಕ್ಕ ಬರ್ತೈತಿ, ಎರಡು ಇಂಚು ಸಂದು ಉಳಿತೈತಿ, ಅದೂ ಕಡಿಮೀನ ಅಂದಿ. ಅರ್ಧ ಫೂಟು ಕೂಡಿಸಿದ್ರ ಐವತ್ತೊಂದು, ಮೂಲಿ ಕ್ಯಾಬಿನ್ನಿನ ಒಳಗಽ ಹೋಗ್ತೈತಿ ಅಂದಿ. ಸೋಮವಾರ ಹಂಗಽ ಹೋತು, ನೂಲಿನಷ್ಟೂ ಫರಕಿಲ್ಲ! ಆ ಕರ್ಣದ ಪ್ರಮೇಯ ಎಂಟನೇತ್ತಾದಾಗ ನಿನಗ ಕಲಿಸಿದಾಕಿ ನಾನು. ಬಾಯಿ ಮುಚ್ಚು ಅಂದಾಕೀನೂ ನಾನು. ಮುಚ್ಚಿದಿ. ಇವತ್ತು ನಾ ಇಷ್ಟು ಒದರಾಡಿದ್ರೂ ತಗೀಲಿಲ್ಲ. "ನೀವೇ ಹೇಳಿದ್ರಿ ಅಕ್ಕಾರ" ಅಂತ ಒಂದು ಮಾತು... ಅವರು ಕಟ್ಟಿ ಮ್ಯಾಲ ಕುಂತಾಗ ಅಂದು ಬಿಟ್ಟಿದ್ರ, ನಿನ್ನ ಕೆಲಸ ನಿನಗ ಉಳಿತಿತ್ತು. ಅನ್ನಲಿಲ್ಲ. ನನ್ನ ಮಾರಿ ನೋಡಿದಿ ಅಷ್ಟ.

ಅದು ಸಿದ್ದಾರೂಢನ ಗಾಡಿ ಸಪ್ಪಳ. ಏಳು. ಅಂಗಿ ಝಾಡಿಸ್ಕೋ.

ಬಾ ಸಿದ್ದಾರೂಢ, ಬಾ. ರೀ, ನೀವೂ ಬರ್ರಿ. ಕಪ್ಪು ಮೊದಲು ಕೆಳಗಿಡ್ರಿ, ನನ್ನ ಮಾತು ಕೇಳಿದ್ರ ಚೆಲ್ಲತೀರಿ. ಇಬ್ಬರೂ ಕೇಳ್ರಿ. ಖಾಜಾಸಾಬನ ಅಳತ್ಯಾಗ ಒಂದು ನೂಲು ತಪ್ಪಿಲ್ಲ. ಗ್ಲಾಸು ಒಡಿತೈತಿ ಅಂತ ಅಂವ ಮೊದಲೇ ಖಡೂಲೆ ಬರದು ತೋರಿಸ್ಯಾನ. ನಾನೇ ಆಯ ನೋಡಿ ಅರ್ಧ ಫೂಟು ಹೆಚ್ಚಿಗಿ ಹಾಕಿಸೀನಿ. ಹೌದ್ರಿ. ಆಯ! ಇನ್ನೊಮ್ಮೆ ಹೇಳಬೇಕೇನು? ...ನಗ್ರಿ. ಆದ್ರ ಮೂವತ್ತು ವರ್ಷದ್ದು ಒಮ್ಮೆಲೇ ನಗಬ್ಯಾಡ್ರಿ, ಕೆಮ್ಮು ಬರ್ತೈತಿ... ಬಂತಿಲ್ಲ? ನೀರು ಕುಡೀರಿ.

ಇವತ್ತೇ ಆ ಅರ್ಧ ಫೂಟು ಕೊಯ್ದು ಹಾಕೂದು, ಮ್ಯಾಲ ಮುಂದಿನ ಎರಡೂ ಮೂಲಿ ಓರೆ ಮಾಡೂದು. ನಾಯಿ ಆಯ ಆದ್ರ ಆಗಲಿ, ಹೊರಳೂ ಮುಂದ ಸಂದು ಇರಬೇಕು. ಸಿದ್ದಾರೂಢ, ನಿನ್ನವು ಹ್ಯಾಂಗಿರಬೇಕು ಅಂತ ನನ್ನ ಕೇಳಬ್ಯಾಡ, ಅಂವನ್ನ ಕೇಳು. ...ಏನಂದಿ?

ಖಾಜಾಸಾಬ, ಅಂವ ನಿನ್ನ ಕೇಳಾಕತ್ತಾನ. ಎರಡೂ ಯಾವಾಗ ಮುಗಿಸಿ ಕೊಡ್ತಿ ಅಂತ.

ಮತ್ತ ನನ್ನ ಮಾರಿ ನೋಡ್ತಿಯಲ್ಲೋ! ಬಾಯಿ ತಗಿ. ನಾನೇ ಹೇಳಾಕತ್ತೇನಿ, ತಗಿ!