ಮ್ಯಾನೇಜರರ ಕಪ್ಪು ಪರದೆ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ-ತಂಗಿ ನಿಂತಿದ್ದರು. ತಂಗಿ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು.

"ನಿಮ್ಮ ಮ್ಯಾನೇಜರ್ ಲ್ಯಾಪ್‌ಟಾಪು ಸರಿಹೋಯ್ತೇನೇ?"

"ಎಲ್ಲಿ! ಸ್ಲೀಪಿಂದ ಎಬ್ಬಿಸ್ತಾನೆ, ಟೈಪ್ ಮಾಡೋಕೆ ಕೈ ಇಟ್ಟ ಅಂದ್ರೆ ಮತ್ತೆ ಪರದೆ ಕಪ್ಪು. ಹೊಸ ಸ್ಕ್ರೀನೂ ಹಾಕಿಸ್ದ."

"ನಿಂಗೆ ಕಾರಣ ಗೊತ್ತಾ?"

"ಅವನ ವಾಚಿನ ಬೆಲ್ಟಲ್ಲಿ ಮ್ಯಾಗ್ನೆಟ್ ಇದೆ. ಲ್ಯಾಪ್‌ಟಾಪಿನ ಮುಚ್ಚಳದಲ್ಲೂ ಒಂದು ಮ್ಯಾಗ್ನೆಟ್ ಇರುತ್ತೆ. ವಾಚು ಹತ್ತಿರ ಬಂದ್ರೆ ಮುಚ್ಚಳ ಮುಚ್ಚಿದ್ರು ಅಂದ್ಕೊಂಡು ಲ್ಯಾಪ್‌ಟಾಪು ಮಲಗಿಬಿಡುತ್ತೆ."

"ಹೇಳ್ಬಾರ್ದೇನೇ, ಪಾಪ!"

"ಪಾಪಾನಾ? ಮೀಟಿಂಗಲ್ಲಿ ಎಲ್ಲರೆದುರು, ಇವಳಿಗೆ ಪ್ಲಗ್ ಹಾಕೋಕೂ ಬರಲ್ಲ ಅಂದಿದ್ನಲ್ಲ!"

"ಹಾಗಾದ್ರೆ ಮಾಡಿದ್ದುಣ್ಣೋ ಮಹಾರಾಯ!"

ಬಸ್ಸು ಬಂತು. ಅಕ್ಕ ಮೆಟ್ಟಿಲು ಹತ್ತುತ್ತಾ ತಿರುಗಿ ಕೇಳಿದಳು. "ಅಲ್ವೇ, ಅಂಥ ವಾಚು ಅವನಿಗೆಲ್ಲಿ ಸಿಕ್ತು?"

"ಹುಟ್ಟುಹಬ್ಬಕ್ಕೆ ಆಫೀಸಿನವರೆಲ್ಲ ಸೇರಿ ಕೊಟ್ವಿ. ಆರಿಸಿದ್ದು ನಾನು."