ಹಲಗೆ ಅವರದು, ಕೂದಲು ನನ್ನದು

ಹೆಸರು ನೆಗಿಶಿ ತಾಕಿ, ವಯಸ್ಸು ೩೮, ಕಸುಬು ಚಿತ್ರ ಅಚ್ಚು ಹಾಕುವ ಅಂಗಡಿಯಲ್ಲಿ ಕಾಗದಕ್ಕೆ ಅಂಟುನೀರು ಬಳಿಯುವುದು, ವಾಸ ಟೋಕಿಯೊ ಅಸಾಕುಸಾದ ಹಿಂದಿನ ಓಣಿ, ಬಾವಿ ಪಕ್ಕದ ಮನೆ. ಠಾಣೆಯಲ್ಲಿ ಕೇಳಿದ್ದಕ್ಕೆ ನಾನೇ ಬಾಯಿಬಿಟ್ಟು ಬರೆಸುವುದೇನೆಂದರೆ:

ನನ್ನ ಗಂಡ ಯಾಸುಜಿ ಇದೇ ಅಂಗಡಿಯಲ್ಲಿ ಮರದ ಅಚ್ಚು ಕೆತ್ತುತ್ತಿದ್ದರು. ಕಬುಕಿ ನಾಟಕದ ನಟರ ಚಿತ್ರಗಳಲ್ಲಿ ತಲೆಗೂದಲು ಅವರ ಪಾಲಿನ ಕೆಲಸ. ಚಿತ್ರಗಾರ ಮುಖ ಬರೆದು ಕೂದಲಿನ ಜಾಗ ಬಿಡುತ್ತಾನೆ, ಎಳೆ ಎಳೆಯಾಗಿ ಬಿಡಿಸುವವನು ಕೆತ್ತುವವನೇ. ಎಂಟು ವರ್ಷದ ಹಿಂದೆ ನಟ ಮಿನಾಸೆ ಕಿಕುಯಾ, ಹಿಮದಲ್ಲಿ ಗಂಡನಿಗಾಗಿ ಕಾಯುವ ಹೆಂಗಸಿನ ವೇಷ ಹಾಕಿ ಊರಿಗೆಲ್ಲ ಹುಚ್ಚು ಹಿಡಿಸಿದ್ದ. ಆ ಚಿತ್ರಕ್ಕಾಗಿ ನನ್ನ ಗಂಡ ನನ್ನನ್ನು ನಾಲ್ಕು ದಿನ ಕಿಟಕಿ ಹತ್ತಿರ ಬೆನ್ನು ತಿರುಗಿಸಿ ಕೂರಿಸಿದರು. ನನ್ನ ಕತ್ತಿನ ಎಡಗಡೆ ಬಾಚಣಿಗೆಗೆ ಬಗ್ಗದ ಮೂರು ಎಳೆ ಇವೆ. ಅವನ್ನು ಹಾಗೇ ಕೆತ್ತಿದರು. ಊರೆಲ್ಲ ಕೊಂಡದ್ದು ನಟನ ಚಿತ್ರ. ಕತ್ತು ನನ್ನದೆಂದು ನಮ್ಮಿಬ್ಬರಿಗೇ ಗೊತ್ತಿತ್ತು.

ಹೋದ ವರ್ಷ ಕಾಲರಾದಲ್ಲಿ ಅವರು ಹೋದರು. ರೋಗ ಹರಡೀತೆಂದು ಬಟ್ಟೆ, ಹಾಸಿಗೆ, ಉಳಿಯ ಮರದ ಹಿಡಿಗಳನ್ನೂ ಬಿಡದೆ ಸುಟ್ಟರು. ಉಳಿದದ್ದು ಅಂಗಡಿಯಲ್ಲಿದ್ದ, ಆ ಚಿತ್ರ ಕೆತ್ತಿದ ಒಂದು ಹಲಗೆ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಒಡೆಯ ಗೆನ್‌ಪಾಚಿಯವರು, ಆ ಹಲಗೆಗೆ ಕೀಸುಳಿ ಹಾಕಿ ನುಣ್ಣಗೆ ಮಾಡಿ ಅದರ ಮೇಲೆ ರೈಲುಗಾಡಿ ಕೆತ್ತಬೇಕೆಂದರು. ಹಳೇ ಹಲಗೆಗಳಿಗೆಲ್ಲ ಇದೇ ಗತಿ, ಹೊಸದೇನಲ್ಲ. ಇದೊಂದನ್ನು ಬಿಡಿ ಅಂತ ಕಾಲು ಹಿಡಿದೆ. ಏನೇ ತಾಕಿ, ಇನ್ನುಮೇಲೆ ಹಲಗೆ ಜತೆ ಸಂಸಾರ ಮಾಡ್ತೀಯಾ, ಹಲಗೆ ನಂದು ಕಣೇ ಅಂದರು. ಹಲಗೆ ನಿಮ್ಮದೇ, ಕೂದಲು ನಂದು ಅಂದೆ. ಎಲ್ಲರೂ ನಕ್ಕರು.

ಹನ್ನೆರಡಕ್ಕೆ ಅವರೆಲ್ಲ ಶ್ಯಾವಿಗೆ ತಿನ್ನುವಾಗ, ಹಲಗೆಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಹೊರಟೆ. ಮನೆಗೆ ಸಾವಿರದ ಇನ್ನೂರು ಹೆಜ್ಜೆ. ತೋಫು ಮಾರುವ ಮುದುಕಿ, ಯಾರ ಕೂಸೇ ಅದು ಅಂತ ಕೇಳಿದಳು. ನಮ್ಮನೆಯವರದು ಅಜ್ಜಿ, ಈಗ ತಾನೇ ಮಲಗಿದೆ ಅಂದೆ. ನಮಗೆ ಮಕ್ಕಳಿಲ್ಲ.

ಮೂರೂವರೆಗೆ ಪೊಲೀಸರು ಬಂದಾಗ ಹಲಗೆ ತೊಡೆಯ ಮೇಲಿತ್ತು. ಎರಡು ಸೆನ್ ಕಾಸಿಗೆ ಚಿತ್ರವೇ ಸಿಗುತ್ತಲ್ಲಮ್ಮ, ಹಲಗೆ ಯಾಕೆ ಕದ್ದೆ ಅಂತ ಕೇಳಿದರು. ಚಿತ್ರ ಬೇರೆಯವರು ಒತ್ತಿದ್ದು ಸ್ವಾಮಿ, ನಮ್ಮನೆಯವರ ಕೈ ಆಡಿದ್ದು ಹಲಗೆ ಮೇಲೆ, ಬೆರಳಿಟ್ಟರೆ ಗೊತ್ತಾಗುತ್ತೆ ಅಂದೆ. ಅವರನ್ನು ಒಂದು ಸಲ ನೋಡಬೇಕೆಂದು ಜೀವ ಹೋಗುವಷ್ಟು ಆಸೆಯಾಗುತ್ತದೆ. ಇದನ್ನೂ ಬರೆದುಕೊಳ್ಳಿ.

ಹಲಗೆ ಒಪ್ಪಿಸಿದ್ದೇನೆ. ಶಿಕ್ಷೆ ಏನಿದ್ದರೂ ಸರಿ. ಕೀಸುವಾಗ ಬೀಳುವ ಸಿಪ್ಪೆಯನ್ನು ಮಾತ್ರ ನೀರು ಕಾಯಿಸಲು ಸ್ನಾನದಂಗಡಿಯ ಒಲೆಗೆ ಹಾಕದೆ ನನಗೆ ಕೊಡಿಸಬೇಕು. ಅವರನ್ನು ಒಂದು ಸಲ ಸುಟ್ಟಾಗಿದೆ, ಸಾಕು.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಒಂದಕ್ಷರ ಸುಳ್ಳಿಲ್ಲ.

ಸ್ಥಳ: ಅಸಾಕುಸಾ
ದಿನಾಂಕ: ಮೇಜಿ ಚಕ್ರವರ್ತಿಯ ಆಳ್ವಿಕೆಯ ೨೦ನೇ ವರ್ಷ, ನವೆಂಬರ್ ೫
ಹೆಬ್ಬೆಟ್ಟು: ನೆಗಿಶಿ ತಾಕಿ, ಯಾಸುಜಿಯ ಹೆಂಡತಿ